ಲೆಕ್ಕಕ್ಕೆ ಸಿಗದ ಕೊರಳು

ಮಾರ್ಚ್ 3, ಸೋಮವಾರ

ಬಾಯ್ಲರ್ ಇವತ್ತೂ ಕೈಕೊಟ್ಟಿತು. ಆಪರೇಷನ್ ಥಿಯೇಟರಿನ ಬಟ್ಟೆ ಎದೆಮಟ್ಟ ರಾಶಿ. ಸೂಪರ್‌ವೈಸರ್ ಬಂದು ನನ್ನ ಮುಖವನ್ನೇ ನೋಡಿದ — ನಾನೇ ಬಾಯ್ಲರ್ ಕೆಡಿಸಿದವಳ ಹಾಗೆ. ‘ಸಂಗೀತ ನಿರ್ದೇಶಕಿಯವ್ರು ಸ್ವಲ್ಪ ಕೈ ಆಡಿಸ್ತೀರಾ?’

‘ಕೈ ಆಡಿಸೋದೇ ನಮ್ಮ ಸಂಗೀತ ಸಾರ್’ ಅಂದೆ. ಆ ಕಡೆ ತೊಟ್ಟಿಯಿಂದ ಅತ್ತೆ ಕಿಸಕ್ಕನೆ ನಕ್ಕರು; ಅತ್ತೆ ಸೊಸೆ ಇಬ್ಬರಿಗೂ ಇದೇ ಲಾಂಡ್ರಿ.

ಸುದ್ದಿ ಲಾಂಡ್ರಿಗೆಲ್ಲ ಹರಡಿದೆ. ಹರಡಲಿ. ನನಗೇ ಇನ್ನೂ ನಂಬಿಕೆ ಬಂದಿಲ್ಲ, ಬರೆದರಾದರೂ ಬರಬಹುದು: ಆಸ್ಪತ್ರೆಯ ಬಟ್ಟೆ ಒಗೆಯುವ ನಾನು ಒಂದು ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದೇನೆ. ಬೀದಿಯಲ್ಲಿ ಡೋಲು ಹೊಡೆದು ಹಾಡು ಕಟ್ಟಿದವಳು. ಯೂನಿಯನ್ನಿನ ಗೇಟ್ ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡವಳು. ಇನ್ನು ಮೇಲೆ ಪೋಸ್ಟರಿನಲ್ಲಿ.

ಜೈಲಿನ ಕತೆ. ದೆವ್ವದ ಕತೆ. ಅಜ್ಜಿಯರ ಕಾಲದ ಹೆಂಗಸರ ಜೈಲು, ಸಿಪಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಶಿಕ್ಷೆ. ಬ್ಯಾರಕ್ಕಿನಲ್ಲಿ ಒಂಬತ್ತು ಜನ. ಒಬ್ಬಳನ್ನು ಕತ್ತಲೆಕೋಣೆಗೆ ತಳ್ಳಿ ಸಾಯಿಸುತ್ತಾರೆ. ಮಾರನೆಯ ಬೆಳಿಗ್ಗೆ ಉಳಿದ ಎಂಟು ಜನ ಬಟ್ಟೆ ಹಿಂಡುತ್ತ ಹಾಡಿದರೆ ಕೊರಳು ಒಂಬತ್ತು. ಜೈಲರ್ ತಲೆ ಎಣಿಸಿದರೆ ಎಂಟು. ಕಣ್ಣು ಮುಚ್ಚಿ ಕೇಳಿದರೆ ಒಂಬತ್ತು. ಅಷ್ಟೇ ದೆವ್ವ. ಬಿಳಿ ಸೀರೆ ಇಲ್ಲ, ಕಿರುಚಾಟ ಇಲ್ಲ.

ಆ ಒಂಬತ್ತನೆಯ ಕೊರಳು ನಮ್ಮದು. ಬಾಯ್ಲರ್ ಸಿಡಿದು ಮೂವರು ಸುಟ್ಟುಕೊಂಡಾಗ ಮುಷ್ಕರ ಹೂಡಿ ಜೈಲು ಸೇರಿದ್ದೆವಲ್ಲ, ಅಲ್ಲಿಯ ಕಲ್ಲಿನ ಬ್ಯಾರಕ್ಕಿನಲ್ಲಿ ಕೇಳಿದ್ದು. ಎಂಟು ಜನ ಹಾಡುತ್ತಿದ್ದೆವು. ಮೇಲೆ ಇನ್ನೊಂದು ಕೊರಳು. ತೆಳ್ಳಗೆ, ನೆಟ್ಟಗೆ, ಯಾರದೂ ಅಲ್ಲ. ಕಾವಲಿನವಳು ಬಂದು ‘ಯಾರ್ರೇ ಅದು ಇನ್ನೊಬ್ಬಳು?’ ಅಂತ ಎಣಿಸಿಕೊಂಡು ಹೋದಳು. ನನ್ನ ಬೀದಿ ಹಾಡು ಕೇಳಿ ಹುಡುಕಿಕೊಂಡು ಬಂದ ಡೈರೆಕ್ಟರಿಗೆ ಇದನ್ನು ಹೇಳಿದ್ದು ನಾನು. ಅವನ ಮೊದಲಿನ ಕತೆಯಲ್ಲಿ ದೆವ್ವ ಬಾಗಿಲು ಬಡಿಯುತ್ತಿತ್ತು. ಕೇಳಿದವನೇ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು — ಕತೆ ಹರಿದು ಹೊಸದಾಗಿ ಬರೆದ. ಅವತ್ತಿನಿಂದ ಅವನ ಹೆಸರು ನಮ್ಮಲ್ಲಿ ಕನ್ನಡಕ.

ಕೊಬ್ಬು ಅಂತ ಯಾರಾದರೂ ಅಂದರೆ ಅನ್ನಲಿ. ಇವತ್ತು ನಾನು ಇಡೀ ಊರಿಗಿಂತ ಒಂದು ಗೇಣು ಎತ್ತರ.

ಮಾರ್ಚ್ 6, ಗುರುವಾರ

ನಿರ್ಮಾಪಕರ ಆಫೀಸು. ಎಲ್ಲರೂ ‘ಯಜಮಾನ್ರು’ ಅನ್ನುತ್ತಾರೆ. ನಾನು ಎದುರಿಗೆ ಅನ್ನಲಿಲ್ಲ, ಸಾರ್ ಅಂದೆ. ಅಷ್ಟು ಸಾಕು.

ಜೈಲರನ ಮನೆಯ ಮಹಡಿಯ ಮೇಲೆ ಗ್ರಾಮಫೋನು ಇದೆ ಕತೆಯಲ್ಲಿ. ಅದಕ್ಕೆ ಆ ಕಾಲದ ಒಂದು ಹಾಡು ಬೇಕು. ಮಾಡಿಕೊಂಡು ಹೋಗಿದ್ದೆ — ಪಿಟೀಲು, ಹಾರ್ಮೋನಿಯಂ, ಮಗುವನ್ನು ತೂಗುವ ನಡೆ, ಮೇಲೆ ಗೀರುಬಿದ್ದ ಪ್ಲೇಟಿನ ಕರಕರ. ಆ ಕಾಲದ ಪ್ಲೇಟು ಮೂರು ನಿಮಿಷಕ್ಕೇ ಮುಗಿಯಬೇಕಿತ್ತು, ಹಾಡುವವರು ಕೊನೆಯ ಸಾಲಿಗೆ ಸ್ವಲ್ಪ ಓಡುತ್ತಿದ್ದರು. ಆ ಓಟವನ್ನೂ ಇಟ್ಟಿದ್ದೇನೆ. ಕೇಳುತ್ತ ಯಜಮಾನರ ಕಾಲು ಆಡಿತು. ‘ಇದು ಕಣ್ರೀ ಪೀರಿಯಡ್ ಮ್ಯೂಸಿಕ್ ಅಂದ್ರೆ!’

‘ಇದು ಅರ್ಧ ಸಾರ್. ಇನ್ನರ್ಧ ಕೆಳಗೆ, ಬಟ್ಟೆ ಒಗೆಯೋರ ಹತ್ರ ಇದೆ.’

‘ಕೈದಿಗಳ ಹಾಡಿಗೆ ದಾಖಲೆ ಏನಮ್ಮ ಇದೆ? ಒಂದು ರೆಕಾರ್ಡೂ ಸಿಗಲ್ಲ. ಹಾಡ್ತಿದ್ರು ಅಂತ ಏನು ಗ್ಯಾರಂಟಿ?’

‘ಹಾಡು ಇರ್ಲಿಲ್ಲ ಅಂತಲ್ಲ ಸಾರ್. ರೆಕಾರ್ಡ್ ಮಾಡೋ ಮಷೀನು ಮಹಡಿ ಮೇಲಿತ್ತು, ಅಷ್ಟೆ.’

ಕನ್ನಡಕ ಕೆಮ್ಮಿದ. ಯಜಮಾನರು ಕಾಫಿ ತರಿಸಿದರು. ಗೆದ್ದೆ ಅಂತ ಲೆಕ್ಕ.

ಮಾರ್ಚ್ 9, ಭಾನುವಾರ, ಸಂಜೆ

ರೆಕಾರ್ಡಿಂಗ್ ಆಯಿತು! ಗಾಜಿನ ಈ ಕಡೆ ನಾನು, ತಿರುಗುವ ಕುರ್ಚಿಯಲ್ಲಿ. ಆ ಕಡೆ ನಮ್ಮವರು. ಸ್ಟುಡಿಯೋ ಅಂದರೆ ಹಾಸಿಗೆಯ ಒಳಗೆ ಹೊಕ್ಕ ಹಾಗೆ, ಗೋಡೆಗೆಲ್ಲ ಸ್ಪಂಜು. ಸೌಂಡ್ ಇಂಜಿನಿಯರ್ ಮಾತು ಕಮ್ಮಿ, ಕಿವಿ ಜಾಸ್ತಿ. ಕಿವಿ ಅಂತಲೇ ಹೆಸರಿಟ್ಟಿದ್ದೇವೆ.

ಬೀದಿಯವಳಿಗೆ ಕೆಲಸದ ಶಿಸ್ತು ಗೊತ್ತಿಲ್ಲ ಅನ್ನುವ ಮಾತು ಬರಕೂಡದು. ಆದ್ದರಿಂದ ಎಲ್ಲ ಪದ್ಧತಿ ಪ್ರಕಾರ. ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ. ಕಿವಿಗೆ ಹೆಡ್‌ಫೋನು. ಕೀಬೋರ್ಡಿನ ಶ್ರುತಿ. ಟಿಕ್ ಟಿಕ್ ಟಿಕ್ ತಾಳ. ಏಳು ಜನರದ್ದು ಏಳು ಟ್ರ್ಯಾಕು, ಎಂಟನೆಯದಕ್ಕೆ ಸ್ಟುಡಿಯೋದ ಒಬ್ಬ ಕೋರಸ್ ಹುಡುಗಿ. ಸಂಗೀತ ನಿರ್ದೇಶಕಿ ತಾನೇ ಕೋರಸ್ಸಿನಲ್ಲಿ ನಿಂತರೆ ಚೆನ್ನಾಗಿರುತ್ತದೆಯೇ?

ಅತ್ತೆಗೆ ಹೆಡ್‌ಫೋನು ಸರಿಹೋಗಲಿಲ್ಲ. ‘ಇದೇನೇ, ಕಿವಿಗೆ ಬಾಣಲೆ ಮುಚ್ಚಿದ ಹಾಗಿದೆ. ಪಕ್ಕದೋಳು ಹಾಡ್ತಿದಾಳೋ ಸತ್ತಿದಾಳೋ ಗೊತ್ತಾಗಲ್ವಲ್ಲ.’

‘ಟಿಕ್ ಟಿಕ್ ಕೇಳ್ಕೊಂಡು ಹಾಡಿ ಅತ್ತೆ.’

‘ಗಡಿಯಾರದ ಜೊತೆ ಹಾಡೋಕೆ ನಾನೇನು ಕೋಳಿನಾ?’

ಆದರೂ ಹಾಡಿದರು. ಒಂದು ಅಪಸ್ವರ ಇಲ್ಲ. ತೊಳೆದು ಇಸ್ತ್ರಿ ಮಾಡಿದ ಹಾಗೆ ಬಂದಿದೆ. ಹಾಡು ಹೀಗೆ, ಶೀಟಿನ ಒಂದು ತುದಿಯವಳು ಕೇಳುತ್ತಾಳೆ, ಇನ್ನೊಂದು ತುದಿಯವಳು ಹೇಳುತ್ತಾಳೆ —

ಯಾರ ಹಾಸು ಇದು?
— ಮಲಗಿದವನದು.
ಯಾರ ಬೆವರು ಇದು?
— ನಿಂತವಳದು.
ಹಿಂಡೇ ತಂಗಿ, ಹಿಂಡು…
ಕಲೆ ಹೋಯಿತೇ?
— ಹೋಗಲಿಲ್ಲ, ಹೋಗಲಿಲ್ಲ.

ಒಂಬತ್ತನೆಯ ಕೊರಳು ಇನ್ನೂ ಬಂದಿಲ್ಲ. ಎಂಟೂ ಟ್ರ್ಯಾಕು ಸೇರಿಸಿದ ಮೇಲೆ ಬರುತ್ತದೆ.

ಮಾರ್ಚ್ 11, ಮಂಗಳವಾರ

ಬರಲಿಲ್ಲ.

ಎಂಟೂ ಸೇರಿಸಿ ಕೇಳಿದೆವು. ಎಂಟು ಕೊರಳು, ಒಂದೂ ಹೆಚ್ಚಿಲ್ಲ. ಕಿವಿ ಎರಡು ಸಲ, ಮೂರು ಸಲ ಹಾಕಿದ. ಯಜಮಾನರು ಕಣ್ಣು ಮುಚ್ಚಿ ಕೇಳಿ ಕಣ್ಣು ಬಿಟ್ಟರು. ‘ಕೋರಸ್ ಚೆನ್ನಾಗಿದೆಯಮ್ಮ. ದೆವ್ವ ಎಲ್ಲಿ?’

ನಮ್ಮ ಜೈಲಿನ ಮಾತು ಹೇಳಿದೆ. ಕೇಳುತ್ತ ಫೋನ್ ನೋಡಿದರು. ‘ಅದೆಲ್ಲ ಆವತ್ತು ಹೊಟ್ಟೆಗಿಲ್ಲದೆ ಕಿವಿ ಗುಂಯ್ ಅಂದಿದ್ದು. ಪ್ರೇಕ್ಷಕ ಹೊಟ್ಟೆ ತುಂಬಿಸ್ಕೊಂಡು ಬರ್ತಾನೆ. ದೆವ್ವದ ಕೊರಳಿಗೆ ನಮ್ಮ ಕೋಗಿಲೇನ ಕರೆಸ್ತೀನಿ. ಅವರ ಒಂದು ಆಲಾಪ, ಸ್ವಲ್ಪ ಎಕೋ. ಜನ ಅಳ್ತಾರೆ.’

ಕೋಗಿಲೆ ಅಂದರೆ ದೊಡ್ಡ ಗಾಯಕಿ. ರೇಡಿಯೋ ಹಾಕಿದರೆ ಅವಳೇ.

‘ನಮ್ಮ ದೆವ್ವ ಜೈಲಲ್ಲಿ ಸತ್ತವಳು ಸಾರ್, ಸಭೆಯಲ್ಲಿ ಹಾಡಿದವಳಲ್ಲ.’

‘26ಕ್ಕೆ ಬ್ಯಾರಕ್ ಸೀನ್ ಶೂಟಿಂಗ್. ಅದಕ್ಕೆ ಮುಂಚೆ ಹಾಡು ಫೈನಲ್ ಆಗ್ಬೇಕು. ಅಲ್ಲೀತನಕ ನಿಮ್ಮ ದೆವ್ವ ಬಂದ್ರೆ ಕರ್ಕೊಂಡು ಬನ್ನಿ. ಬರ್ಲಿಲ್ಲ ಅಂದ್ರೆ ಕೋಗಿಲೆ.’

ನನ್ನ ಸಂಕಟ ಬೇರೆ. ಕೆಲಸ ಹೋಗುವುದಲ್ಲ. ಹೆಸರೂ ಅಲ್ಲ. ನಾವು ಜೈಲಿನಲ್ಲಿ ಹುಟ್ಟಿಸಿದ ಕೊರಳನ್ನು ನಮ್ಮ ಬಾಯಿಂದ ತೆಗೆದು ಇನ್ನೊಬ್ಬರ ಬಾಯಿಗೆ ಇಡುತ್ತಾರೆ. ನಾವು ಹಿಂದೆ ನಿಂತು ಊಂ ಊಂ ಅನ್ನಬೇಕು. ಆಗುವುದಿಲ್ಲ. ಜೀವ ಹೋದರೂ ಆಗುವುದಿಲ್ಲ.

ಮಾರ್ಚ್ 12

ಎಲ್ಲರನ್ನೂ ಸ್ಟುಡಿಯೋಕ್ಕೆ ಒಟ್ಟಿಗೆ ನುಗ್ಗಿಸಿದೆ. ಹೆಡ್‌ಫೋನು ಇಲ್ಲ, ಟಿಕ್ ಟಿಕ್ ಇಲ್ಲ. ಹಾಡಿದರು. ಸ್ಪಂಜು ಎಲ್ಲ ಕುಡಿಯಿತು. ಬಾವಿಗೆ ಉಗುಳಿದರೂ ಸದ್ದು ಬರುತ್ತದೆ, ಇಲ್ಲಿ ಅದೂ ಇಲ್ಲ.

ಪೀಪಿ — ನಮ್ಮಲ್ಲಿ ಎಲ್ಲರಿಗಿಂತ ಸಣ್ಣ ದನಿಯವಳು, ಆ ಹೆಸರು ಅದಕ್ಕೇ — ಹೊರಗೆ ಬಂದು ಕೇಳಿದಳು, ‘ಅಕ್ಕ, ಆವತ್ತು ನಿಜವಾಗ್ಲೂ ಕೇಳಿಸ್ತಾ? ಇಲ್ಲ, ಕೇಳಿಸ್ತು ಅಂತ ಹೇಳ್ಕೊಂಡು ಹೇಳ್ಕೊಂಡು ನಿಜ ಆಯ್ತಾ?’

ಬೈದುಬಿಟ್ಟೆ. ಬೈದ ಮೇಲೆ ಬಸ್ಸಿನಲ್ಲಿ ಅದೇ ಯೋಚನೆ.

ಮಾರ್ಚ್ 14, ಶುಕ್ರವಾರ

ಜೈಲಿಗೇ ಹೋಗಿ ಹಾಡೋಣ ಅಂದರೆ ಅನುಮತಿ ಇಲ್ಲ. ಒಳಗೆ ಹಾಕುವಾಗ ನಮ್ಮನ್ನು ಕೇಳಿರಲಿಲ್ಲ, ಈಗ ನಾವೇ ಬರುತ್ತೇವೆ ಅಂದರೆ ಬೇಡವಂತೆ!

ಸರಿ, ಸಿನಿಮಾದ ಜೈಲಿಗೆ ಹೋದೆವು. ಸೆಟ್ಟು ಎದ್ದು ನಿಂತಿದೆ. ಅದೇ ಕಪ್ಪು ಕಲ್ಲು, ಅದೇ ಪಾಚಿ, ಅದೇ ಕಂಬಿ. ಅತ್ತೆ ಗೋಡೆಯ ಹತ್ತಿರ ಹೋಗಿ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. ಥರ್ಮಾಕೋಲು. ಹಿಂದೆ ಪ್ಲೈವುಡ್ಡು.

‘ಇಂಥ ಜೈಲಿದ್ದಿದ್ರೆ ಆವತ್ತೇ ಊಟದ ಹೊತ್ತಿಗೆ ಮನೇಗೆ ಬಂದಿರ್ತಿದ್ವಲ್ಲೇ!’

ಬಡಗಿಯವರೂ ನಕ್ಕರು, ನಾವೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಹಾಡಿದರು, ನಾನು ದೂರ ನಿಂತು ಕೇಳಿದೆ. ಪ್ಲೈವುಡ್ಡು ಡಬ್ ಡಬ್ ಅಂದಿತು. ಗೋಡೆಯದೇ ತಪ್ಪು ಅಂದೆ ನಾನು. ಕಲ್ಲಿನ ಗೋಡೆ ಇದ್ದರೆ ಬರುತ್ತಿತ್ತು ಅಂದೆ.

‘ಕುಣೀಲಾರದೋಳು ನೆಲ ಡೊಂಕು ಅಂದಳಂತೆ’ ಅಂದರು ಅತ್ತೆ. ಬಸ್‌ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ ನಾನು. ಒಂದೇ ಮನೆ, ಒಂದೇ ಬಸ್ಸು, ಎಷ್ಟು ಹೊತ್ತು ಮಾತು ಬಿಡುವುದು? ‘ಪಾಸ್ ತಂದಿದೀರಾ?’ ಅಂತ ಕೇಳಿ ಮುಗಿಸಿದೆ.

ಮಾರ್ಚ್ 18, ಮಂಗಳವಾರ

26ರವರೆಗೆ ಯಜಮಾನರು ಕಾಯಲಿಲ್ಲ. ಕೋಗಿಲೆ ಬಂದಳು, ಹಾಡಿದಳು, ಹೋದಳು.

ಸುಳ್ಳು ಬರೆಯಲಾರೆ. ಚೆನ್ನಾಗಿ ಹಾಡಿದಳು. ಮೈ ಜುಂ ಅಂದಿತು. ಹೋಗುವಾಗ ನನ್ನ ಕೈ ಹಿಡಿದು ‘ನಿಮ್ಮ ಸಾಹಿತ್ಯ ತುಂಬಾ ಚೆನ್ನಾಗಿದೆಯಮ್ಮ’ ಅಂದಳು. ಮೃದು ಕೈ. ಒಳ್ಳೆಯ ಹೆಂಗಸು.

ಆದರೆ ಆ ಕೊರಳಿಗೆ ಯಾರೂ ಬೇಕಾಗಿಲ್ಲ. ಒಂಟಿಯಾಗಿ ಬರುತ್ತದೆ, ಒಂಟಿಯಾಗಿ ಪೂರ್ತಿಯಾಗುತ್ತದೆ. ನಮ್ಮ ದೆವ್ವ ಹಾಗಲ್ಲ. ನಮ್ಮವಳಿಗೆ ಎಂಟು ಜನ ಬೇಕು.

ಯಜಮಾನರು ಕಣ್ಣೊರೆಸಿಕೊಂಡರು. ನಾನು ಮಿಕ್ಕ ಎಂಟು ದಿನ ನನ್ನವೇ ಅಂತ ನೆನಪಿಸಿ ಎದ್ದು ಬಂದೆ.

ಮಾರ್ಚ್ 19, ಮಧ್ಯಾಹ್ನ, ಊಟದ ಬಿಡುವು

ತಲೆಗೆ ಈಗ ಹೊಳೆಯಿತು, ಅನ್ನ ಬಿಟ್ಟು ಬರೆಯುತ್ತಿದ್ದೇನೆ.

ಹಳೆಯ ಜಾಲಾಡುವ ಕೋಣೆ! ಮಷೀನು ಬರುವ ಮುಂಚೆ ನಾವು ಶೀಟು ಜಾಲಾಡಿ ಹಿಂಡುತ್ತಿದ್ದ ಕೋಣೆ. ಕಲ್ಲಿನ ನೆಲ, ಕಲ್ಲಿನ ತೊಟ್ಟಿ, ಗುಮ್ಮಟದ ಹಾಗೆ ಬಾಗಿದ ಚಾವಣಿ. ಈಗ ಮುರಿದ ಮಂಚ ತುಂಬಿಟ್ಟಿದ್ದಾರೆ. ಇಲ್ಲೇ, ಗೋಡೆಯ ಆಚೆ ಇದೆ. ದಿನಾ ಅದರ ಮುಂದೆಯೇ ಓಡಾಡುತ್ತೇನೆ. ಊರೆಲ್ಲ ಕಲ್ಲು ಹುಡುಕಿದ್ದೇನೆ!

ಸೂಪರ್‌ವೈಸರನ ಹತ್ತಿರ ಹೋದೆ. ‘ಅಲ್ಲಿ ಏನ್ರಿ ಮಾಡ್ತೀರಾ?’ ‘ದೆವ್ವ ಹಿಡೀತೀವಿ.’ ‘ಯೂನಿಯನ್ ಮೀಟಿಂಗ್ ಅಲ್ಲ ತಾನೆ?’ ‘ಅಲ್ಲ.’ ‘ಹಾಗಾದ್ರೆ ಹಿಡ್ಕೊಳ್ಳಿ.’ ದೆವ್ವಕ್ಕೆ ಹೆದರದವನು ಯೂನಿಯನ್ನಿಗೆ ಹೆದರುತ್ತಾನೆ. ನಮ್ಮ ಸಂಪಾದನೆ ಇದು.

ಮಾರ್ಚ್ 21, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೊದಲ ಪಾಳಿ ಮುಗಿಸಿ ಮಂಚಗಳನ್ನೆಲ್ಲ ಹೊರಗೆ ಹಾಕಿದೆವು. ಕಿವಿ ಮೈಕು ಹೊತ್ತು ಬಂದ. ಬಾಗಿಲಾಚೆ ಮೇಜು ಹಾಕಿಕೊಂಡು ಮಷೀನು ಇಟ್ಟ. ಪಕ್ಕದಲ್ಲಿ ನನ್ನ ಕುರ್ಚಿ.

ಹಾಡಿದರು. ಕೋಣೆ ಗುಂಯ್ ಅಂದಿತು. ಎದೆ ತುಂಬುವ ಹಾಗೆ. ಆದರೆ ಎಂಟೇ ಕೊರಳು. ಮತ್ತೆ. ಎಂಟೇ. ಕೋರಸ್ ಹುಡುಗಿ ಪಾಪ ಬೆವರುತ್ತಿದ್ದಳು.

ಅತ್ತೆ ನಿಲ್ಲಿಸಿದರು. ‘ಕೈ ಕಟ್ಕೊಂಡು ನಿಂತ್ರೆ ನಂಗೆ ಹಾಡು ಹೊಟ್ಟೆಯಿಂದ ಬರಲ್ಲ. ಶೀಟು ಕೊಡ್ರೇ.’

ನಾಲ್ಕು ಶೀಟು ನೀರಲ್ಲಿ ಅದ್ದಿ ತಂದರು. ಜೋಡಿ ಜೋಡಿಯಾಗಿ ನಿಂತರು, ಮಷೀನು ಕೆಟ್ಟಾಗ ನಾವು ಈಗಲೂ ನಿಲ್ಲುವ ಹಾಗೆ. ಒಬ್ಬಳು ಬಲಕ್ಕೆ ತಿರುವಬೇಕು, ಎದುರಿನವಳು ಎಡಕ್ಕೆ. ಇಬ್ಬರೂ ಒಂದೇ ಉಸಿರಿಗೆ. ಒಬ್ಬಳು ಮುಂದೆ ಹೋದರೆ ಇನ್ನೊಬ್ಬಳ ಮಣಿಕಟ್ಟು ಉಳುಕುತ್ತದೆ. ಆದ್ದರಿಂದ ಕಣ್ಣು ಎದುರಿನವಳ ಮೇಲೆ, ಕಿವಿ ಎದುರಿನವಳ ಉಸಿರಿನ ಮೇಲೆ. ಮೂರು ಜೋಡಿ ಸರಿಹೋಯಿತು. ಅತ್ತೆಯ ಎದುರಿಗೆ ಕೋರಸ್ ಹುಡುಗಿ. ಶೀಟು ಅವಳ ಕೈಯಿಂದ ಮೀನಿನ ಹಾಗೆ ಜಾರಿತು.

ಅತ್ತೆ ತುದಿ ಎತ್ತಿ ಹಿಡಿದು ಬಾಗಿಲ ಕಡೆ ತಿರುಗಿದರು. ‘ಏನಮ್ಮಾ, ಸಂಗೀತ ನಿರ್ದೇಶಕೀ! ಈ ತುದಿ ಯಾರು ಹಿಡೀತಾರೆ? ನಿಮ್ಮಪ್ಪ ಬರ್ತಾನಾ?’

‘ನಾನು ಇಲ್ಲಿ ಕೇಳಬೇಕಲ್ಲ ಅತ್ತೆ…’

‘ಇಪ್ಪತ್ತು ವರ್ಷದಿಂದ ಈ ತುದಿ ನಾನು, ಆ ತುದಿ ನೀನು. ಮನೇಲಿ ಎಷ್ಟು ಜಗಳ ಆಡಿದ್ರೂ ಶೀಟು ಬಿಟ್ಟಿದೀವಾ? ಕುರ್ಚಿ ಸಿಕ್ತು ಅಂತ ಈಗ ಬಿಡ್ತೀಯಾ?’

ಕಪಾಳಕ್ಕೆ ಬಿದ್ದ ಹಾಗಾಯಿತು. ಜೈಲಿನಲ್ಲಿ ಎಂಟು ಜನ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆ ಎಂಟರಲ್ಲಿ ಒಬ್ಬಳು ನಾನು. ನನ್ನನ್ನೇ ಲೆಕ್ಕದಿಂದ ತೆಗೆದು ಕುರ್ಚಿಯ ಮೇಲೆ ಕೂರಿಸಿದ್ದೆ!

ಹೋದೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ತುದಿ ಹಿಡಿದೆ.

ಯಾರ ಹಾಸು ಇದು… ಅತ್ತೆಯ ಗುಡುಗು. ಮಲಗಿದವನದು… ನಾನು. ತಿರುವು, ಉಸಿರು. ತಿರುವು, ಉಸಿರು. ನೀರು ಕಲ್ಲಿಗೆ ಚಟಚಟ ಬೀಳುತ್ತಿತ್ತು. ಯಾವ ಕೀಬೋರ್ಡಿನ ಶ್ರುತಿಯೂ ಅಲ್ಲ ಅದು, ನಮ್ಮ ತೋಳಿನ ಶ್ರುತಿ. ಎರಡನೆಯ ಸುತ್ತು. ಮೂರನೆಯದು. ಹೋಗಲಿಲ್ಲ, ಹೋಗಲಿಲ್ಲ ಅಂತ ಎಳೆದೆವು — ಮೇಲೆ, ಚಾವಣಿಯ ಹತ್ತಿರ, ಬಂದಳು. ತೆಳ್ಳಗೆ. ನೆಟ್ಟಗೆ. ಯಾರ ಬಾಯಿಂದಲೂ ಅಲ್ಲ.

ಪೀಪಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೆ ಶೀಟು ಬಿಡಲಿಲ್ಲ. ಯಾರೂ ಬಿಡಲಿಲ್ಲ.

ಬಾಗಿಲಲ್ಲಿ ಕಿವಿ. ಹೆಡ್‌ಫೋನು ಕುತ್ತಿಗೆಯಲ್ಲಿ. ನಮ್ಮನ್ನು ಬೆರಳಲ್ಲಿ ಎಣಿಸಿದ. ತೊಟ್ಟಿಯ ಹಿಂದೆ ಬಗ್ಗಿ ನೋಡಿದ. ಮತ್ತೆ ಎಣಿಸಿದ. ಹಾಡು ಮುಗಿದ ಮೇಲೆ ತೊದಲುತ್ತ ವಿಜ್ಞಾನ ಹೇಳಿದ: ‘ಪ್ರತಿ ಕೊರಳಿನ ಮೇಲೂ ಸಣ್ಣ ಸಣ್ಣ ಸ್ವರ ಇರ್ತಾವೆ ಮೇಡಂ, ಕೇಳ್ಸಲ್ಲ. ಎಲ್ಲ ಕೊರಳೂ ಕೂದಲೆಳೆ ಬಿಡದೆ ಕೂಡಿದ್ರೆ ಆ ಸಣ್ಣ ಸ್ವರಗಳು ಒಂದರ ಮೇಲೊಂದು ಬಿದ್ದು ಬೇರೆ ಕೊರಳೇ ಆಗುತ್ತೆ. ಕಲ್ಲು ಅದನ್ನ ವಾಪಸ್ ಕೊಡುತ್ತೆ. ಓದಿದ್ದೆ… ಕೇಳಿರ್ಲಿಲ್ಲ.’

‘ನೀನು ಹೇಳೋದು ಸರಿ ಕಣಪ್ಪ’ ಅಂದರು ಅತ್ತೆ, ಸೊಂಟ ಹಿಡಿದುಕೊಂಡು. ‘ರೆಕಾರ್ಡ್ ಆಯ್ತಾ ಇಲ್ವಾ, ಅದನ್ನ ಹೇಳು.’

ಆಗಿತ್ತು!

ಮಾರ್ಚ್ 22, ಶನಿವಾರ

ಯಜಮಾನರಿಗೆ ಕೇಳಿಸಿದೆವು. ಮುಗಿದದ್ದೇ ಮೇಜಿಗೆ ಗುದ್ದಿದರು.

‘ಯಾರವಳು?’

‘ಯಾರು ಸಾರ್?’

‘ಮೇಲಿನ ಕೊರಳು! ನನ್ನ ಕೇಳ್ದೆ ಬೇರೆ ಗಾಯಕಿ ಕರ್ಕೊಂಡು ಬಂದಿದೀರಾ. ನಾಳೆ ಅವಳು ಕೇಸ್ ಹಾಕಿದ್ರೆ? ನಾನು ಇಷ್ಟು ವರ್ಷ ಪಿಕ್ಚರ್ ತೆಗ್ದಿದೀನಿ, ನನ್ನ ಕಿವಿಗೆ ಹೂ ಇಡ್ತೀರಾ?’

ಕಳ್ಳಿ ಅಂದ ಹಾಗೇ ಆಯಿತು. ಆದರೂ ಒಳಗೊಳಗೇ ಒಂದು ಖುಷಿ — ಹೆಂಗಸೇ ಹಾಡಿದ್ದಾಳೆ ಅಂತ ಅವರ ಕಿವಿಯೇ ಸಾಕ್ಷಿ ಹೇಳಿತಲ್ಲ!

‘ನಾಳೆ ಲಾಂಡ್ರಿಗೆ ಬನ್ನಿ ಸಾರ್. ಅವಳನ್ನ ನೀವೇ ಹಿಡೀರಿ.’

ಮಾರ್ಚ್ 23, ಭಾನುವಾರ

ಬಂದರು. ಬಿಳಿ ಬೂಟು. ನೀರು ಸಿಡಿದೀತು ಅಂತ ಪಂಚೆ ಎತ್ತುವವರ ಹಾಗೆ ಪ್ಯಾಂಟು ಎತ್ತಿಕೊಂಡರು. ಹಿಂದೆ ಕನ್ನಡಕ. ಅಲಮಾರು ತೆರೆದು ನೋಡಿದರು. ತೊಟ್ಟಿ ಇಣುಕಿದರು. ಕಿಟಕಿ ಹೊರಗೆ ಇಣುಕಿದರು. ಯಾರೂ ಇಲ್ಲ. ‘ಹೂಂ, ಹಾಡಿ.’

ಹಾಡಿದೆವು. ತಡವಾಯಿತು. ಭಯ ಇತ್ತಲ್ಲ, ಉಸಿರು ಕೂಡಲಿಲ್ಲ. ಒಂದು ಸುತ್ತು ಏನೂ ಇಲ್ಲ. ಎರಡನೆಯದೂ ಇಲ್ಲ. ಯಜಮಾನರ ತುಟಿ ಓರೆಯಾಯಿತು. ಎದುರಿಂದ ಅತ್ತೆ ಕಣ್ಣಲ್ಲೇ ಅಂದರು: ಅವನನ್ನ ಯಾಕೆ ನೋಡ್ತೀಯ, ನನ್ನ ನೋಡು. ನೋಡಿದೆ. ತಿರುವಿದೆವು. ಬಂದಳು.

ಯಜಮಾನರು ತಲೆ ಎತ್ತಿ ಚಾವಣಿ ನೋಡಿದರು. ನಮ್ಮ ಬಾಯಿಗಳನ್ನು ನೋಡಿದರು. ನೇರ ಪೀಪಿಯ ಮುಂದೆ ಬಂದು ಕೈ ತೋರಿಸಿದರು. ‘ನೀನು ನಿಲ್ಸು.’

ಪೀಪಿ ನಿಲ್ಲಿಸಿದಳು. ಶೀಟು ಜೋತುಬಿತ್ತು, ಜೊತೆಯವಳ ಉಸಿರು ತಪ್ಪಿತು, ಮೇಲಿನ ಕೊರಳು ಹೋಯಿತು.

‘ಸಿಕ್ಕಿದ್ಲು! ಇವಳೇ!’

‘ನಾನಾ?’ ಅಂದಳು ಪೀಪಿ. ‘ನಾನು ಸೀನಿದ್ರೂ ಮನೇಲಿ ಯಾರಿಗೂ ಕೇಳ್ಸಲ್ಲ ಸಾರ್!’

‘ಇನ್ನೊಂದ್ಸಲ.’

ಮತ್ತೆ ಹಾಡಿದೆವು, ಎಂಟೂ ಜನ. ಮತ್ತೆ ಬಂದಳು. ಈ ಸಲ ಪೀಪಿಯನ್ನು ಬಿಟ್ಟು ನಮ್ಮ ಗುಡಾಣದ ಮುಂದೆ ನಿಂತರು — ದನಿಯೂ ಹಾಗೇ, ಮೈಯೂ ಹಾಗೇ. ‘ನೀವು ನಿಲ್ಸಿ.’ ಗುಡಾಣ ನಿಲ್ಲಿಸಿದಳು. ಮೇಲಿನ ಕೊರಳು ಹೋಯಿತು. ‘ಇವಳೂನಾ?’

ಮತ್ತೆ. ನನ್ನನ್ನು ನಿಲ್ಲಿಸಿದರು. ಹೋಯಿತು. ಮತ್ತೆ. ಅತ್ತೆಯ ಮುಂದೆ ಬಂದರು.

‘ನೀವು ಬಾಯಿ ಮುಚ್ಚಿ.’

ಅತ್ತೆ ಹಾಡು ನಿಲ್ಲಿಸಿ, ಶೀಟು ಹಿಡಿದೇ ಹೇಳಿದರು: ‘ಪೊಲೀಸ್ನೋರು ಬಾಯಿ ಮುಚ್ಚು ಅಂದಾಗ ಮುಚ್ಚಿಲ್ಲ. ನೀವು ಬಹುವಚನದಲ್ಲಿ ಹೇಳಿದ್ರಿ ನೋಡಿ, ಆ ಮರ್ಯಾದೆಗೆ ಮುಚ್ತೀನಿ.’

ಮುಚ್ಚಿದರು. ಉಳಿದವರು ಎಳೆದೆವು. ಬರಲಿಲ್ಲ. ಅತ್ತೆ ಮತ್ತೆ ಬಾಯಿ ತೆಗೆದರು, ನಾನು ತುದಿ ಬಿಗಿ ಮಾಡಿದೆ. ಬಂದಳು.

ಎಂಟೂ ಜನರನ್ನು ಹೀಗೆ ಮಾಡಿದರು ಮನುಷ್ಯ. ಒಬ್ಬರನ್ನೂ ಬಿಡಲಿಲ್ಲ. ಯಾರನ್ನು ನಿಲ್ಲಿಸಿದರೂ ಅವಳು ಹೋಗುತ್ತಿದ್ದಳು. ಯಾರನ್ನು ಬಿಟ್ಟರೂ ಅವಳು ಇಲ್ಲ. ಕೊನೆಗೆ ಬೋರಲು ಹಾಕಿದ ಟಬ್ಬಿನ ಮೇಲೆ ಕೂತುಬಿಟ್ಟರು. ಬಿಳಿ ಬೂಟು ಪೂರ್ತಿ ಒದ್ದೆ. ನಮ್ಮ ಕೈ ಸೋತಿತ್ತು, ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಿ ಅಂತ ಅವರು ಹೇಳಲಿ ಅಂತ. ಹೇಳಲಿಲ್ಲ. ಕೇಳುತ್ತಲೇ ಇದ್ದರು.

ಕನ್ನಡಕ ಮೂಲೆಯಲ್ಲಿ ಪರಪರ ಬರೆದುಕೊಳ್ಳುತ್ತಿದ್ದ. ‘ಸಾರ್, ನೀವೀಗ ಮಾಡಿದ್ದನ್ನೇ ನಮ್ಮ ಜೈಲರ್ ಮಾಡ್ಲಿ. ಒಬ್ಬೊಬ್ಬಳನ್ನೇ ಬಾಯಿ ಮುಚ್ಚಿಸಿ ದೆವ್ವ ಹುಡುಕಲಿ. ಸೀನ್ ಅಂದ್ರೆ ಇದು!’

‘ನಾನೇನ್ರಿ ಮಾಡ್ದೆ?’ ಅಂದರು ಯಜಮಾನರು. ಆಮೇಲೆ ಅರ್ಥವಾಗಿ ಮುಖ ಕೆಂಪಾಯಿತು. ನಕ್ಕುಬಿಟ್ಟರು ಪುಣ್ಯಾತ್ಮ. ನಗಲು ಬರುತ್ತದೆ ಅವರಿಗೂ.

ಆಮೇಲೆ ವ್ಯವಹಾರ. ‘ಸರಿ. ಇದೇ ಇರ್ಲಿ. ಕೋಗಿಲೆಗೆ ನಾನು ಹೇಳ್ಕೋತೀನಿ. ಈಗ ದೆವ್ವದ ಕೊರಳು ಅಂತ ಪರದೆ ಮೇಲೆ ಯಾರ ಹೆಸರು ಹಾಕೋಣ?’

‘ಎಂಟು ಹೆಸರು ಸಾರ್.’

‘ಒಂದು ಕೊರಳಿಗೆ ಎಂಟು ಹೆಸರಾ?’

‘ಒಂದು ಕಮ್ಮಿ ಹಾಕಿ ನೋಡಿ.’

ಯಜಮಾನರು ಪೆನ್ನು ತೆಗೆದು ಪೀಪಿಯ ಹತ್ತಿರ ಹೋದರು. ‘ನಿನ್ನ ಪೂರ್ತಿ ಹೆಸರು ಹೇಳಮ್ಮ.’ ಅವಳಿಗೆ ನಾಚಿಕೆ. ಪೀಪಿ ಅಂತಲೇ ಹಾಕಿ ಅಂದಳು. ‘ಥೂ, ಹೇಳೇ ನೆಟ್ಟಗೆ!’ ಅಂತ ಅತ್ತೆ ಗದರಿದರು.

ಮಾರ್ಚ್ 24

ಮಣಿಕಟ್ಟು ಊದಿದೆ. ಅತ್ತೆಯದೂ. ಇಬ್ಬರೂ ಒಂದೇ ಬೋಗುಣಿಯ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದೆವು. ನಮ್ಮ ಮನೆಯವರು ತಟ್ಟೆಗೆ ಬಡಿಸಿ, ಇಬ್ಬರ ಮುಖ ನೋಡಿ, ‘ತಿನ್ನಿಸ್ಲೂ ಬೇಕಾ?’ ಅಂದರು.

ಜುಲೈ 8, ಮಂಗಳವಾರ

ಎಷ್ಟು ತಿಂಗಳಾಯಿತು ಬರೆದು. ಶೂಟಿಂಗು, ಪಾಳಿ, ಮತ್ತೆ ಬಾಯ್ಲರು.

ಕೋಗಿಲೆ ನಮ್ಮ ಗ್ರಾಮಫೋನಿನ ಹಾಡು ಹಾಡಿದಳು. ಅದು ಅವಳಿಗೇ ಹೊಲಿದ ಹಾಗಿದೆ. ಕೊನೆಯ ಸಾಲಿಗೆ ಓಡಬೇಕು ಅಂದಾಗ ಮಗುವಿನ ಹಾಗೆ ನಕ್ಕು ಓಡಿದಳು. ಈಗ ಮೇಲೆ ಅವಳ ಹಾಡು, ಕೆಳಗೆ ನಮ್ಮದು. ಜೈಲರ್ ಪ್ಲೇಟು ಹಾಕುತ್ತಾನೆ, ನೆಲದಡಿಯಿಂದ ನಾವು ಏಳುತ್ತೇವೆ, ಸೂಜಿ ನಡುಗುತ್ತದೆ. ಮಿಕ್ಸಿಂಗಿನಲ್ಲಿ ಕಿವಿ ಎದ್ದು ನಿಂತು ಕೇಳಿದ.

ಜೈಲಲ್ಲಿ ನಮ್ಮ ಹೆಸರು ಬರೆದುಕೊಂಡಿದ್ದರು, ತಪ್ಪು ತಪ್ಪಾಗಿ. ಈ ಸಲ ಎಂಟೂ ಹೆಸರಿನ ಪ್ರೂಫ್ ನಾನೇ ನೋಡಿದೆ. ಒಂದು ಒತ್ತಕ್ಷರವೂ ತಪ್ಪಿಲ್ಲ.

ನವೆಂಬರ್ 14, ಶುಕ್ರವಾರ — ಇಂಟರ್ವಲ್ಲು, ಟಾಕೀಸಿನ ಮೆಟ್ಟಿಲ ಮೇಲೆ

ಮೊದಲ ದಿನ, ಮೊದಲ ಆಟ. ಹೌಸ್‌ಫುಲ್. ಎಂಟೂ ಜನ ಒಂದೇ ಸಾಲು. ರಜೆ ಕೇಳಿದೆವು, ಕೊಡಲಿಲ್ಲ, ಬಂದೆವು.

ಬ್ಯಾರಕ್ ಸೀನು ಬಂತು. ಎದುರು ಸಾಲಿನವನು ಕಡಲೆಬೀಜ ತಿನ್ನುತ್ತಿದ್ದ, ಕೈ ಪೊಟ್ಟಣದಲ್ಲೇ ನಿಂತಿತು. ಜೈಲರ್ ಒಬ್ಬೊಬ್ಬಳ ಬಾಯಿ ಮುಚ್ಚಿಸುತ್ತ ಬಂದ. ಆಮೇಲೆ ಎಂಟೂ ಕೊರಳು ಒಟ್ಟಿಗೆ ಎದ್ದವು, ಮೇಲೆ ಅವಳು. ಬಾಲ್ಕನಿಯಿಂದ ಯಾರೋ ‘ಹೋಗಲಿಲ್ಲ!’ ಅಂತ ಕೂಗಿದರು. ಕೆಳಗಿನಿಂದ ಇನ್ಯಾರೋ ‘ಹೋಗಲಿಲ್ಲ!’ ಅಂದರು. ಗೊತ್ತಿಲ್ಲದ ಜನ. ಗೊತ್ತಿಲ್ಲದ ಬಾಯಿ. ನಮ್ಮ ಹಾಡು!

ಅತ್ತೆ ಕತ್ತಲಲ್ಲಿ ಎದ್ದು ನಿಂತುಬಿಟ್ಟರು. ಹಿಂದಿನಿಂದ ಒಬ್ಬ, ‘ಕೂತ್ಕೊಳ್ಳಮ್ಮ, ಪರದೆ ಕಾಣ್ಸಲ್ಲ.’ ಅತ್ತೆ ತಿರುಗಿ, ‘ಪರದೇಲಿ ಏನು ನೋಡ್ತೀಯಪ್ಪ, ಇಲ್ಲೇ ನೋಡು!’

ದೀಪ ಹತ್ತಿತು. ಆ ಹಿಂದಿನವನೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆಟ್ಟಿಲಿಗೆ ಬಂದಿದ್ದಾನೆ. ಸುತ್ತ ಇನ್ನೂ ಹತ್ತು ಜನ ನಿಂತಿದ್ದಾರೆ. ಬೆಲ್ಲು ಹೊಡೆಯುತ್ತಿದೆ. ಹೆಂಡತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೇಳುತ್ತಿದ್ದಾಳೆ — ‘ಆ ದೆವ್ವದ್ದು ಹಾಡಿದ್ದು ನಿಮ್ಮಲ್ಲಿ ಯಾರಮ್ಮಾ?’

ಪೀಪಿ ಎಲ್ಲರಿಗಿಂತ ಮುಂಚೆ ಬಾಯಿ ತೆಗೆದಳು, ಹಿಂದೆಯೇ ಅತ್ತೆ, ಗುಡಾಣ, ನಾನು, ಎಲ್ಲರೂ ಒಟ್ಟಿಗೆ — ‘ನಾವು ಎಂಟೂ ಜನ!’